ಸೊನ್ನೆ ರೇಖೆಯನ್ನು ಹುಡುಕಿಕೊಂಡು ಹೋದ ಮಕ್ಕಳು

ಅಣ್ಣ ಲಂಡನ್ನಿನಲ್ಲಿ, ತಂಗಿ ಅಮೆರಿಕದಲ್ಲಿ, ನಾನು ಅಮ್ಮನೊಂದಿಗೆ ಊರಿನಲ್ಲಿ. ಹೀಗೆ ಚದುರಿಹೋಗಿದ್ದ ನಾವು ಆರು ವರ್ಷಗಳ ನಂತರ ಈ ಬೇಸಿಗೆಯಲ್ಲಿ ಅಣ್ಣನ ಮನೆಯಲ್ಲಿ ಒಂದು ವಾರ ಒಟ್ಟಿಗೆ ಕಳೆದೆವು. ನಾಲ್ಕರಿಂದ ಹದಿಮೂರು ವರ್ಷದವರೆಗಿನ ಐವರು ಮಕ್ಕಳಿದ್ದರು. ಅವರಲ್ಲಿ ಚಿಕ್ಕವರಿಬ್ಬರು ಅದುವರೆಗೆ ಪರಸ್ಪರರನ್ನು ವಿಡಿಯೋ ಕರೆಯಲ್ಲಷ್ಟೇ ನೋಡಿದ್ದರು.

ಮೊದಲ ದಿನ ನಾವು ದೊಡ್ಡವರು ತಪ್ಪು ಮಾಡಿದೆವು. ಬಕಿಂಗ್‌ಹ್ಯಾಮ್ ಅರಮನೆ, ಟ್ರಫಾಲ್ಗರ್ ಚೌಕ, ಟವರ್ ಬ್ರಿಜ್ ಮೂರನ್ನೂ ಒಂದೇ ಹಗಲಿನಲ್ಲಿ ಮುಗಿಸಲು ಹೊರಟೆವು. ಸಂಜೆಯ ಹೊತ್ತಿಗೆ ಕಿರಿಯವನು ಅತ್ತು ಅತ್ತು ಅಣ್ಣನ ಹೆಗಲ ಮೇಲೆ ನಿದ್ದೆಹೋಗಿದ್ದ, ಅಮ್ಮನ ಮೊಣಕಾಲು ಊದಿತ್ತು. ಇನ್ನು ದಿನಕ್ಕೆ ಒಂದೇ ಜಾಗ, ಅಲ್ಲಿ ಎಷ್ಟು ಹೊತ್ತು ಎಂಬುದು ಮಕ್ಕಳಿಗೇ ಬಿಟ್ಟದ್ದು ಎಂದು ಆ ರಾತ್ರಿ ಅತ್ತಿಗೆ ಹೇಳಿದ್ದನ್ನು ಎಲ್ಲರೂ ಒಪ್ಪಿದೆವು.

ಮರುದಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಮಕ್ಕಳು ಮೊದಲ ಸಭಾಂಗಣವನ್ನು ಬಿಟ್ಟು ಕದಲಲೇ ಇಲ್ಲ. ಅಲ್ಲಿ ಚಾವಣಿಯಿಂದ ತೂಗುಬಿಟ್ಟಿರುವುದು 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಬಳಿ ದಡಕ್ಕೆ ಬಂದು ಸಿಕ್ಕಿಕೊಂಡ ನೀಲಿ ತಿಮಿಂಗಿಲದ ಅಸ್ಥಿಪಂಜರ. ಅದರ ಉದ್ದ 25 ಮೀಟರಿಗಿಂತ ಹೆಚ್ಚು. ಅದರ ಕೆಳಗೆ ಹೆಜ್ಜೆ ಹಾಕಿ ಎಣಿಸುವಾಗ ಪ್ರತಿಯೊಬ್ಬರ ಲೆಕ್ಕವೂ ಬೇರೆಯಾಗಿ, ಮತ್ತೆ ಬಾಲದ ಕಡೆಯಿಂದ ಶುರುಮಾಡುತ್ತಿದ್ದರು.

ನನಗೆ ಎಲ್ಲಕ್ಕಿಂತ ಆಪ್ತವಾಗಿ ಉಳಿದದ್ದು ಗ್ರೀನಿಚ್‌ನ ದಿನ. ಅಲ್ಲಿಗೆ ಹೋಗುವ ಡಿ.ಎಲ್.ಆರ್. ಎಂಬ, ತಾನಾಗಿ ಓಡುವ ಲಘು ರೈಲಿಗೆ ಚಾಲಕನ ಕೋಣೆಯಿಲ್ಲ; ಎದುರಿನ ಗಾಜಿಗೆ ಹೊಂದಿಕೊಂಡ ಸೀಟಿನಲ್ಲಿ ಕುಳಿತು ಐವರೂ ಸರದಿಯಂತೆ ರೈಲು ಓಡಿಸಿದರು. ಗ್ರೀನಿಚ್‌ನ ಹಳೆಯ ಖಗೋಳ ವೀಕ್ಷಣಾಲಯದ ಮಾಳಿಗೆಯ ಮೇಲಿನ ಕೆಂಪು ಗೋಳ 12.55ಕ್ಕೆ ಕಂಬದ ಅರ್ಧಕ್ಕೆ, 12.58ಕ್ಕೆ ತುದಿಗೆ ಏರಿ, ಸರಿಯಾಗಿ ಒಂದು ಗಂಟೆಗೆ ಕೆಳಗಿಳಿಯುತ್ತದೆ. ಥೇಮ್ಸ್ ನದಿಯ ಹಡಗುಗಳು ತಮ್ಮ ಗಡಿಯಾರವನ್ನು ಸರಿಹೊಂದಿಸಿಕೊಳ್ಳಲೆಂದು 1833ರಲ್ಲಿ ಆರಂಭವಾದ ಏರ್ಪಾಡು ಅದು. ಆ ಐದು ನಿಮಿಷ ಮಕ್ಕಳು ಕತ್ತೆತ್ತಿ ನಿಂತದ್ದು, ಗೋಳ ಇಳಿದೊಡನೆ ಒಟ್ಟಿಗೆ ಕೂಗಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಅದರ ಅಂಗಳದಲ್ಲಿ, ಪೂರ್ವ-ಪಶ್ಚಿಮದ ಅಳತೆ ಶುರುವಾಗುವ ಜಗತ್ತಿನ ಸೊನ್ನೆ ರೇಖಾಂಶವೆಂದು 1884ರ ಅಂತರರಾಷ್ಟ್ರೀಯ ಸಮ್ಮೇಳನ ಒಪ್ಪಿಕೊಂಡ ಗೆರೆಯಿದೆ. ತಂಗಿಯ ಮಗಳು ಪಶ್ಚಿಮದ ಕಡೆ, ನನ್ನ ಮಗ ಪೂರ್ವದ ಕಡೆ ನಿಂತು ಗೆರೆಯ ಮೇಲೆ ಕೈಹಿಡಿದುಕೊಂಡರು. ಅಷ್ಟರಲ್ಲಿ ಅಣ್ಣನ ಹಿರಿಯ ಮಗ ಫೋನ್ ನೋಡಿ, ಇಲ್ಲಿ ಸೊನ್ನೆ ಬರುತ್ತಿಲ್ಲ ಎಂದ. ಅವನು ಹೇಳಿದ್ದು ನಿಜ. ಆ ಗೆರೆಯನ್ನು ಗೊತ್ತುಮಾಡಿದ ಹಳೆಯ ದೂರದರ್ಶಕವನ್ನು ಆ ಸ್ಥಳದ ಗುರುತ್ವದ ದಿಕ್ಕಿಗೆ ಅನುಸಾರವಾಗಿ ನಿಲ್ಲಿಸಲಾಗಿತ್ತು; ಉಪಗ್ರಹಗಳ ಲೆಕ್ಕವಾದರೋ ಭೂಮಿಯ ಕೇಂದ್ರದಿಂದ ಹೊರಡುತ್ತದೆ. ಹಾಗಾಗಿ ಜಿ.ಪಿ.ಎಸ್. ತೋರಿಸುವ ಸೊನ್ನೆ ಆ ಗೆರೆಯಿಂದ ಸುಮಾರು 102 ಮೀಟರ್ ಪೂರ್ವಕ್ಕಿದೆ. ಇದನ್ನು ತಿಳಿದ ಮೇಲೆ ಐವರೂ ಫೋನ್ ಹಿಡಿದು ಉದ್ಯಾನದ ಹುಲ್ಲಿನ ಮೇಲೆ ಅಡಿಯಿಡುತ್ತ ಸೊನ್ನೆಯನ್ನು ಹುಡುಕಿದರು. ಹಿರಿಯವನು ಅಂಕಿ ಓದುತ್ತಿದ್ದ, ಕಿರಿಯವನು ಅವನ ಅಂಗಿಯ ತುದಿ ಹಿಡಿದು ಹಿಂಬಾಲಿಸುತ್ತಿದ್ದ. ಯಾರೂ ಹೇಳಿಕೊಡದೆ ಅವರು ಅಣ್ಣ-ತಮ್ಮಂದಿರಾದದ್ದು ಅಲ್ಲಿಯೇ ಎಂದು ನಾನು ನಂಬಿದ್ದೇನೆ.

ಕೊನೆಯ ಸಂಜೆ ಅಮ್ಮನ ಆಸೆಯಂತೆ ಲ್ಯಾಂಬೆತ್ ಬಳಿಯ ನದಿದಂಡೆಗೆ ಹೋದೆವು. 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಅಲ್ಲಿದೆ. ಅಮ್ಮ ಕೈಮುಗಿದು ಮೆಲುದನಿಯಲ್ಲಿ ಒಂದು ವಚನ ಹೇಳಿದರು. ಕನ್ನಡ ಅಷ್ಟಾಗಿ ಬಾರದ ತಂಗಿಯ ಮಗಳು ಅಜ್ಜಿಯ ಕೈಹಿಡಿದು, ಇನ್ನೊಮ್ಮೆ ಹೇಳಿ ಎಂದಳು. ಸೇತುವೆ ದಾಟುವವರೆಗೂ ಅಮ್ಮ ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದರು, ಅವಳು ತಿದ್ದಿಕೊಳ್ಳುತ್ತ ಹೇಳುತ್ತಿದ್ದಳು. ಉಳಿದ ನಾವೆಲ್ಲ ಅವರ ನಡಿಗೆಗೆ ತಕ್ಕಂತೆ ನಿಧಾನವಾಗಿ ಹಿಂದೆ ನಡೆದೆವು.