ಟ್ಯೂಬಿನ ಮೇಲೆ 3, ಸ್ಲೈಡಿನಲ್ಲಿ 5

ಬಟಾಣಿಯಲ್ಲಿ 7 ಜೊತೆ ಕ್ರೋಮೋಸೋಮ್. ಲಿಂಕೇಜ್ ಗ್ರೂಪ್‌ಗಳೂ 7. ಹೊಸ ಬೆಳೆಗೆ ಕೈ ಹಾಕುವ ಮೊದಲು ಇದರ ಮೇಲೆ ಕೈ ಪಳಗಿಸಿಕೋ ಅಂತ ನನಗೆ ಹೇಳಿದ್ದರು.

ಲಿಂಕೇಜ್ ಗ್ರೂಪ್ ಹುಟ್ಟುವುದು ಲೆಕ್ಕದಿಂದ. ಯಾವ ಮಾರ್ಕರ್‌ಗಳು, ಅಂದರೆ ಡಿಎನ್‌ಎಯಲ್ಲಿ ಗುರುತು ಹಿಡಿಯಬಹುದಾದ ಜಾಗಗಳು, ಜೊತೆಜೊತೆಯಾಗಿ ಮುಂದಿನ ಪೀಳಿಗೆಗೆ ಹೋಗುತ್ತವೆ ಎಂದು ಎಣಿಸಿ ಗುಂಪು ಮಾಡುತ್ತಾರೆ. ಕ್ರೋಮೋಸೋಮ್‌ಗಳಿಗೆ ನಂಬರ್ ಕೊಟ್ಟವರು ಮೈಕ್ರೋಸ್ಕೋಪಿನಲ್ಲಿ ಆಕಾರ ನೋಡಿದವರು. ಈ ಎರಡು ನಂಬರುಗಳನ್ನೂ ಹೊಂದಿಸಲು ನಾವು ಮಾಡುವುದು ಫಿಶ್ (FISH) ಎಂಬ ಪರೀಕ್ಷೆ. ಮಾರ್ಕರ್ ಇರುವ ಡಿಎನ್‌ಎ ತುಣುಕಿಗೆ ಹೊಳೆಯುವ ಬಣ್ಣ ಕಟ್ಟಿ, ಬೇರಿನ ತುದಿಯ ಕೋಶಗಳನ್ನು ಒತ್ತಿದ ಸ್ಲೈಡಿಗೆ ಹಾಕಿ, ಒಂದು ರಾತ್ರಿ 37 ಡಿಗ್ರಿಯಲ್ಲಿ ಬಿಡುತ್ತೇವೆ. ಪ್ರೋಬ್ ಎಂದು ಕರೆಯುವ ಆ ತುಣುಕು ತನ್ನ ಜಾಗ ಹುಡುಕಿ ಅಂಟಿಕೊಳ್ಳುತ್ತದೆ.

ನಾನು ಶುರು ಮಾಡಿದ್ದು 4 ಮತ್ತು 7ರಿಂದ. ಈ ಎರಡು ಕ್ರೋಮೋಸೋಮ್‌ಗಳಲ್ಲಿ 45ಎಸ್ ಆರ್‌ಡಿಎನ್‌ಎ (ರೈಬೋಸೋಮಿನ ಆರ್‌ಎನ್‌ಎಗೆ ಬೇಕಾದ ಜೀನ್‌ಗಳ ಸಾಲು) ಇರುವ ಕಡೆ ಒಂದು ಕಿರಿದಾದ ಸೊಂಟ ಕಾಣುತ್ತದೆ, ಗುರುತು ಹಿಡಿಯುವುದು ಸುಲಭ. ಗ್ರೂಪ್ 4ರ ಪ್ರೋಬ್ ಕ್ರೋಮೋಸೋಮ್ 4ಕ್ಕೇ ಬಿತ್ತು. 7ರದ್ದು 7ಕ್ಕೆ. ಉಳಿದವೂ ಹೀಗೇ ಇರುತ್ತವೆ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತು.

ಆಮೇಲೆ ಗ್ರೂಪ್ 3. ಹೊಳೆಯುವ ಚುಕ್ಕೆ ಕಂಡಿತು. ಅದು ಸುಮ್ನೆ ಧೂಳಾಗಿರಲಿಲ್ಲ. ಎರಡು ಎಳೆಗಳ ಮೇಲೆ ಅಕ್ಕಪಕ್ಕ ಜೋಡಿ ಚುಕ್ಕೆ, ಜೊತೆಯ ಇನ್ನೊಂದು ಕ್ರೋಮೋಸೋಮಿನಲ್ಲೂ ಅದೇ ಎತ್ತರದಲ್ಲಿ ಇನ್ನೊಂದು ಜೋಡಿ. ಚುಕ್ಕೆ ಸಾಚಾ. ನಾನು ಪುಸ್ತಕದಲ್ಲಿ ಬರೆದದ್ದು: ಕ್ರೋಮೋಸೋಮ್ 3. ಉದ್ದ ಅಳೆದೂ ಇದ್ದೆ. ಆದರೆ ಒತ್ತಿದ ಸ್ಲೈಡಿನಲ್ಲಿ ಉದ್ದ ಜಾಸ್ತಿ ಕಡಿಮೆ ಆಗುತ್ತಲೇ ಇರುತ್ತದೆ. ಮೂರನ್ನು ಹುಡುಕಿಕೊಂಡು ಹೋಗಿದ್ದೆ, ಮೂರೇ ಕಂಡಿತ್ತು.

ಹಿರಿಯ ಸಹೋದ್ಯೋಗಿಯೊಬ್ಬರು ನೋಡಿ, ಅದೇ ಸ್ಲೈಡನ್ನು ತೊಳೆದು ಪಿಸ್‌ಟಿಆರ್-ಬಿ ಹಾಕಿ ಎಂದರು. ಇದು ಬಟಾಣಿಯಲ್ಲಿ ಮತ್ತೆ ಮತ್ತೆ ಬರುವ ಒಂದು ಡಿಎನ್‌ಎ. ಏಳೂ ಕ್ರೋಮೋಸೋಮ್‌ಗಳ ಮೇಲೆ ಏಳು ಬೇರೆ ಬೇರೆ ಪಟ್ಟೆ ಕೊಡುತ್ತದೆ. ನನ್ನ "3"ರ ಮೇಲೆ ಬಂದ ಪಟ್ಟೆ 5ರದ್ದು. ಬಟಾಣಿಯಲ್ಲಿ ಗ್ರೂಪ್ 1 ಇರುವುದು ಕ್ರೋಮೋಸೋಮ್ 2ರಲ್ಲಿ, ಗ್ರೂಪ್ 2 ಇರುವುದು 6ರಲ್ಲಿ, 3 ಇರುವುದು 5ರಲ್ಲಿ, 5 ಇರುವುದು 3ರಲ್ಲಿ, 6 ಇರುವುದು 1ರಲ್ಲಿ. ನಂಬರ್ ತಾಳೆಯಾಗುವುದು 4 ಮತ್ತು 7 ಮಾತ್ರ. ನಾನು ಶುರು ಮಾಡಿದ್ದೂ ಆ ಎರಡರಿಂದಲೇ!

ಅಂದಿನಿಂದ ಕ್ರಮ ಬದಲಾಯಿಸಿದೆ. ಪ್ರೋಬ್ ಟ್ಯೂಬಿಗೆ ಬೇರೆಯವರು ಗುಟ್ಟಿನ ಅಕ್ಷರ ಬರೆಯುತ್ತಾರೆ. ನಾನು ಮೊದಲು ಇಡೀ ಕ್ರೋಮೋಸೋಮನ್ನು ನೀಲಿಯಾಗಿ ತೋರಿಸುವ ಡ್ಯಾಪಿ ಬಣ್ಣ ಮತ್ತು ಪಿಸ್‌ಟಿಆರ್-ಬಿ ಪಟ್ಟೆಯ ಬಣ್ಣ ಮಾತ್ರ ನೋಡಿ ಏಳಕ್ಕೂ ಹೆಸರಿಟ್ಟು ಬರೆದಿಡುತ್ತೇನೆ. ಪ್ರೋಬಿನ ಬಣ್ಣದ ಫಿಲ್ಟರ್ ಹಾಕುವುದು ಆಮೇಲೆ. ಒಂದು ಗುಂಪಿಗೆ ಒಂದೇ ಪ್ರೋಬ್ ಬಳಸುವುದನ್ನೂ ಬಿಟ್ಟೆ. ಎರಡು ತುದಿಯಿಂದ ಒಂದೊಂದು ಬೇಕು, ಇಲ್ಲದಿದ್ದರೆ ನಕ್ಷೆಯ ಯಾವ ತುದಿ ಯಾವ ತೋಳಿನ ಕಡೆ ಎಂದು ತಿಳಿಯುವುದಿಲ್ಲ.

ಗ್ರೂಪ್ 3ನ್ನು ಹೀಗೆ ಮತ್ತೆ ಮಾಡಿದಾಗ ಹಸಿರು ಜೋಡಿ ಒಂದು ತೋಳಿನಲ್ಲಿ, ಕೆಂಪು ಜೋಡಿ ಇನ್ನೊಂದರಲ್ಲಿ ಬಂತು. ನಾನು ಮೊದಲೇ 5 ಎಂದು ಬರೆದಿಟ್ಟಿದ್ದ ಕ್ರೋಮೋಸೋಮ್ ಮೇಲೆ.