ತೆರೆದ ಲಿಸ್ಟ್, ಮುಚ್ಚಿದ ಲಿಸ್ಟ್: ನಲವತ್ತು ಆಟಗಳ ಅಭ್ಯಾಸದ ಲೆಕ್ಕ

ಮೊದಲ ವಾರ

ಹಾರ್ತ್‌ಸ್ಟೋನ್ ಅನ್ನುವ ಆನ್‌ಲೈನ್ ಕಾರ್ಡ್ ಆಟದ ಲ್ಯಾಡರ್‌ನಲ್ಲಿ, ಅಂದರೆ ರ್‍ಯಾಂಕ್‌ಗಾಗಿ ಆಡುವ ಕಡೆ, ಎದುರಾಳಿಯ ಡೆಕ್‌ನ 30 ಕಾರ್ಡ್ ಯಾವುವು ಅನ್ನುವ ಲಿಸ್ಟನ್ನು ಯಾರೂ ಕೊಡುವುದಿಲ್ಲ. ಕ್ಲಾಸ್ (ಎದುರಾಳಿ ಆರಿಸಿದ ಹೀರೋನ ಬಗೆ) ನೋಡಿ, ಮೊದಲ ಎರಡು ಮೂರು ಟರ್ನ್ ನೋಡಿ, ಇದು ಇಂಥ ಡೆಕ್ ಇರಬೇಕು ಅಂತ ಊಹಿಸಬೇಕು. ನನಗೆ ಅದೇ ರೂಢಿ. ಈಗ ನಾನು ಸೇರಬೇಕು ಅಂದುಕೊಂಡಿರುವ ಟೂರ್ನಮೆಂಟ್‌ನಲ್ಲಿ ಇಬ್ಬರ ಲಿಸ್ಟೂ ಆಟಕ್ಕೆ ಮುಂಚೆಯೇ ಇಬ್ಬರಿಗೂ ಸಿಗುತ್ತದೆ. ಅದಕ್ಕೇ ಗೆಳೆಯನ ಜೊತೆ ಸೇರಿ ಒಂದು ಯೋಜನೆ ಹಾಕಿಕೊಂಡೆ. ಮೊದಲು 20 ಆಟ ಲಿಸ್ಟ್ ಮುಚ್ಚಿಟ್ಟು, ಆಮೇಲೆ 20 ಆಟ ತೆರೆದಿಟ್ಟು.

ನನ್ನದು ಸಣ್ಣ ಮಿನಿಯನ್‌ಗಳಿಂದ, ಅಂದರೆ ಬೋರ್ಡ್‌ಗೆ ಇಳಿದು ದಾಳಿ ಮಾಡುವ ಕಾರ್ಡ್‌ಗಳಿಂದ, ಬೋರ್ಡ್ ತುಂಬಿಸಿ ಬೇಗ ಮುಗಿಸುವ ಡೆಕ್. ಅವನದು ಕಂಟ್ರೋಲ್ ವಾರಿಯರ್, ವಾರಿಯರ್ ಕ್ಲಾಸಿನದು, ಎದುರಾಳಿಯ ಬೋರ್ಡ್ ಅಳಿಸುತ್ತಾ ಆಟ ಎಳೆಯುವ ಡೆಕ್. ಮುಚ್ಚಿದ ಆಟಗಳಲ್ಲಿ ಅವನು ದಿನಾ ಮೂರು ಕಾರ್ಡ್ ಬದಲಾಯಿಸಬಹುದು, ನನಗೆ ಹೇಳುವ ಹಾಗಿಲ್ಲ. ಗೆಲುವು ಸೋಲಿನ ಜೊತೆ ಶೀಟ್‌ನಲ್ಲಿ ಇನ್ನೊಂದು ಕಾಲಂ ಇಟ್ಟೆ: ಯಾಕೆ ಸೋತೆ.

ಎರಡನೇ ವಾರ

ಮುಚ್ಚಿದ 20 ಆಟ ಮುಗಿದವು. 11 ಗೆದ್ದೆ, 9 ಸೋತೆ. ಆ ಒಂಬತ್ತರಲ್ಲಿ ಐದು ಸೋಲಿನ ಎದುರು ಒಂದೇ ಮಾತು ಬರೆದಿದ್ದೇನೆ: ಗೊತ್ತಿರಲಿಲ್ಲ.

ಹೆಚ್ಚಿನವು ಬ್ರಾಲ್‌ನಿಂದ ಆದ ಸೋಲು. ಅವನ ಡೆಕ್‌ನ 5 ಮಾನಾ ಕಾರ್ಡ್ ಅದು. ಮಾನಾ ಅಂದರೆ ಕಾರ್ಡ್ ಆಡಲು ಕೊಡುವ ಬೆಲೆ, ಟರ್ನ್‌ಗೆ ಒಂದರಂತೆ ಏರುತ್ತದೆ, ಹಾಗಾಗಿ ಸಾಮಾನ್ಯವಾಗಿ ಐದನೇ ಟರ್ನ್‌ನಿಂದ ಅದನ್ನು ಆಡಬಹುದು. ಬೋರ್ಡ್‌ನಲ್ಲಿ ಯಾವುದೋ ಒಂದು ಮಿನಿಯನ್ ಉಳಿಯುತ್ತದೆ, ಮಿಕ್ಕಿದ್ದೆಲ್ಲ ಹೋಗುತ್ತದೆ. ನನ್ನಂಥ ಡೆಕ್‌ಗೆ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಒಂದು ಆಟವನ್ನು ಕೂತು ಬಿಡಿಸಿ ನೋಡಿದೆ. ನಾನು ಮೊದಲು ಆಡುತ್ತಿದ್ದೆ, ಐದನೇ ಟರ್ನ್. ಅವನ ಕೈಯಲ್ಲಿ ನಾಲ್ಕು ಕಾರ್ಡ್, ಇನ್ನೊಂದು ಎಳೆಯುತ್ತಾನೆ. ನಾನು ಕಾಣದ ಕಾರ್ಡ್ ಒಟ್ಟು 26. ಡೆಕ್‌ನಲ್ಲಿ ಎರಡು ಬ್ರಾಲ್ ಇದ್ದರೆ, ಆ ಐದರಲ್ಲಿ ಒಂದಾದರೂ ಬಂದಿರುವ ಸಾಧ್ಯತೆ ಸುಮಾರು 35%. ಒಂದೇ ಇದ್ದರೆ 19%. ಮಲ್ಲಿಗನ್‌ನಲ್ಲಿ (ಶುರುವಿನಲ್ಲಿ ಬೇಡದ ಕಾರ್ಡ್ ಬದಲಾಯಿಸಿಕೊಳ್ಳುವಾಗ) ಅವನು ಏನು ಉಳಿಸಿಕೊಂಡ ಅನ್ನುವುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. 19 ಅಂದರೆ ಧೈರ್ಯವಾಗಿ ಬೋರ್ಡ್ ತುಂಬಿಸುತ್ತೇನೆ. 35 ಅಂದರೆ ಕೈ ತಡೆಯುತ್ತೇನೆ. ಆಟದ ಅತಿ ದೊಡ್ಡ ನಿರ್ಧಾರ ನಿಂತಿದ್ದು ನನಗೆ ಗೊತ್ತೇ ಇಲ್ಲದ ಒಂದು ಅಂಕಿಯ ಮೇಲೆ.

ಇಲ್ಲಿ ಒಂದು ಹಳೆಯ ವಿಷಯ ಹೇಳಲೇಬೇಕು. ಹಿಂದೆ ಆಡಿದ್ದ ಒಂದು ಟೂರ್ನಮೆಂಟ್‌ನಲ್ಲಿ ಲಿಸ್ಟ್ ಮುಚ್ಚಿಟ್ಟಿದ್ದರು. ನನ್ನ ಡೆಕ್‌ನಲ್ಲಿ ಆಯುಧ ಒಡೆಯುವ ಕಾರ್ಡ್ ಒಂದೇ ಒಂದು ಇತ್ತು, ಯಾರೂ ನಿರೀಕ್ಷಿಸದಂಥದ್ದು. ಎರಡನೇ ಸುತ್ತಿನ ಎದುರಾಳಿ ತಮ್ಮ ಆಯುಧವನ್ನು ಕೈಯಲ್ಲೇ ಹಿಡಿದುಕೊಂಡು ಕಾದರು. ನನ್ನ ಆ ಕಾರ್ಡ್ ಖರ್ಚಾದ ಮೇಲೇ ಇಳಿಸಿದರು. ಆಟ ಮುಗಿದ ಮೇಲೆ ಕೇಳಿದೆ. "ನಿಮ್ಮ ಹಿಂದಿನ ಆಟವನ್ನ ನಮ್ಮ ಟೀಮಿನವರು ನೋಡಿದ್ರು" ಅಂದರು. ಅವರೇನೂ ನಿಯಮ ಮುರಿದಿರಲಿಲ್ಲ. ಆದರೆ ಅವರಿಗೆ ನನ್ನ ಲಿಸ್ಟ್ ತೆರೆದಿತ್ತು, ನನಗೆ ಅವರದು ಮುಚ್ಚಿತ್ತು. ಟೂರ್ನಮೆಂಟ್‌ನಲ್ಲಿ ಮುಚ್ಚಿದ ಲಿಸ್ಟ್ ಅಂದರೆ ಎಷ್ಟೋ ಸಲ ಒಂಟಿಯಾಗಿ ಬಂದವರಿಗೆ ಮಾತ್ರ ಮುಚ್ಚಿದ್ದು. ಸ್ಟ್ರೀಮ್‌ನಲ್ಲಿ ಆಡಿದವರ ಲಿಸ್ಟ್ ಹೇಗೂ ಊರಿಗೆಲ್ಲ ಗೊತ್ತಾಗುತ್ತದೆ. ಮ್ಯಾಜಿಕ್ ಅನ್ನುವ ಇನ್ನೊಂದು ಕಾರ್ಡ್ ಆಟದವರು ತಮ್ಮ ದೊಡ್ಡ ಸ್ಪರ್ಧೆಯಾದ ಪ್ರೊ ಟೂರ್‌ನ ಕೊನೆಯ ಎಂಟು ಮಂದಿಗೆ ಒಬ್ಬರ ಲಿಸ್ಟ್ ಇನ್ನೊಬ್ಬರಿಗೆ ಕೊಡುವ ಪದ್ಧತಿಯನ್ನು ಬಹಳ ಹಿಂದಿನಿಂದ ಇಟ್ಟುಕೊಂಡಿದ್ದಾರೆ. 2019ರಲ್ಲಿ ಲಂಡನ್‌ನಲ್ಲಿ ನಡೆದ ಅವರ ಮಿಥಿಕ್ ಚಾಂಪಿಯನ್‌ಶಿಪ್‌ನಲ್ಲಿ ಎಲ್ಲ ಆಟಗಾರರ ಲಿಸ್ಟೂ ತೆರೆದಿಟ್ಟರು. ನನ್ನ ಮಟ್ಟಿಗೆ ಅದೇ ಸರಿ.

ಲ್ಯಾಡರ್ ಮಾತು ಬೇರೆ. ಅಲ್ಲಿ ಒಂದೇ ಆಟ, ಲಿಸ್ಟ್ ಓದಿ ಕೂರುವಷ್ಟು ಪುರುಸೊತ್ತೂ ಇಲ್ಲ. ಮುಚ್ಚಿದ್ದೇ ಇರಲಿ.

ಮೂರು ಮತ್ತು ನಾಲ್ಕನೇ ವಾರ

ತೆರೆದ 20 ಆಟಕ್ಕಾಗಿ ಇಬ್ಬರೂ ಡೆಕ್ ಕೋಡ್ (ಪೂರ್ತಿ ಲಿಸ್ಟ್ ತೋರಿಸುವ ಸಂಕೇತ) ಒಬ್ಬರಿಗೊಬ್ಬರು ಕೊಟ್ಟುಕೊಂಡೆವು. ಅವನ ಲಿಸ್ಟ್‌ನಲ್ಲಿ ಬ್ರಾಲ್ ಎರಡು. ಇನ್ನು ಆಟ ಸಪ್ಪೆ ಆಗುತ್ತದೆ, ಬರೀ ಲೆಕ್ಕ ಅಂದುಕೊಂಡಿದ್ದೆ. ಮೊದಲ ಐದಾರು ಆಟ ಹಾಗೇ ಅನಿಸಿತು ಕೂಡ. ಮಲ್ಲಿಗನ್ ಸಲೀಸಾಯಿತು, ಬೇಡದ್ದನ್ನು ಅನುಮಾನವಿಲ್ಲದೆ ಬಿಟ್ಟುಬಿಡಬಹುದು.

ಹದಿನಾಲ್ಕನೇ ಆಟ ಬಂತು. ನನ್ನ ಬೋರ್ಡ್‌ನಲ್ಲಿ ನಾಲ್ಕು ಮಿನಿಯನ್. ಅವನಿಗೆ 5 ಮಾನಾ ಇದೆ. ಅವನು ಹೀರೋ ಪವರ್ ಒತ್ತಿ 2 ಆರ್ಮರ್ (ಹೊಡೆತ ತಡೆಯುವ ರಕ್ಷಣೆ) ತೆಗೆದುಕೊಂಡು ಟರ್ನ್ ಮುಗಿಸಿದ, ಅಷ್ಟೆ. ಬ್ರಾಲ್ ಇದ್ದಿದ್ದರೆ ಈಗಲೇ ಆಡುತ್ತಿದ್ದ, ಅಲ್ವಾ? ಕೈಯಲ್ಲಿದ್ದ ಮೂರನ್ನೂ ಇಳಿಸಿದೆ. ಏಳು ಜಾಗವೂ ತುಂಬಿತು. ಆ ಟರ್ನ್‌ನಲ್ಲಿ ಅವನಿಗೆ ಚೆನ್ನಾಗಿಯೇ ಹೊಡೆತ ಬಿತ್ತು. ಮರು ಟರ್ನ್‌ಗೆ ಬ್ರಾಲ್ ಬಂತು. ನನ್ನ ಕೈ ಖಾಲಿ.

"ಬೇಕಂತಲೇ ಕಾದೆ ಕಣೋ" ಅಂದ. "ನನ್ನ ಹತ್ರ ಎರಡಿರೋದು ನಿಂಗೆ ಗೊತ್ತು. ಐದನೇ ಟರ್ನ್‌ಗೆ ಆಡದಿದ್ರೆ ಕೈಲಿಲ್ಲ ಅಂದ್ಕೋತೀಯ ಅಂತ ನಂಗೆ ಗೊತ್ತು."

ಆ ಮಾತನ್ನು ಹಾಗೆಯೇ ಶೀಟ್‌ನಲ್ಲಿ ಬರೆದಿಟ್ಟೆ. ಲಿಸ್ಟ್ ಮುಚ್ಚಿದ್ದರೆ ಈ ಆಟ ಹೂಡಲು ಅವನಿಗೆ ಆಗುತ್ತಲೇ ಇರಲಿಲ್ಲ. ಬ್ರಾಲ್ ಇದೆ ಅಂತಲೇ ತಿಳಿಯದವನ ಮುಂದೆ ಬ್ರಾಲ್ ಇಲ್ಲದ ಹಾಗೆ ನಟಿಸಿ ಏನು ಬಂತು? ಲಿಸ್ಟ್ ತೆರೆದರೂ ಗುಟ್ಟು ಉಳಿಯುತ್ತದೆ. ಡೆಕ್‌ನಲ್ಲಿದ್ದ ಗುಟ್ಟು ಕೈಗೆ ಬರುತ್ತದೆ, ಅಷ್ಟೇ. ಅಂಥ ಕಡೆ ಮಾತ್ರ ನನಗೆ ಎದುರಿಗೆ ಕೂತ ಮನುಷ್ಯನ ಜೊತೆ ಆಡುತ್ತಿದ್ದೇನೆ ಅನಿಸುತ್ತದೆ.

ಒಂದೇ ಪ್ರತಿ ಹಾಕುವ ಕಾರ್ಡ್‌ಗಳ ಕೆಲಸವೂ ಬದಲಾಯಿತು. ಮುಚ್ಚಿದ ಆಟದಲ್ಲಿ ನನ್ನ ಆಯುಧ ಒಡೆಯುವ ಕಾರ್ಡ್ ಕೈಗೆ ಬಂದರೆ ಮಾತ್ರ ಉಪಯೋಗ. ತೆರೆದ ಆಟದಲ್ಲಿ ಅದು ಡೆಕ್‌ನ ತಳದಲ್ಲಿ ಬಿದ್ದಿದ್ದರೂ ಗೆಳೆಯ ಆಯುಧ ಇಳಿಸಲು ಹಿಂದೆ ಮುಂದೆ ನೋಡಿದ. ಎರಡು ಆಟದಲ್ಲಿ ಹೀಗಾಯಿತು. ಎರಡರಲ್ಲೂ ಆ ಕಾರ್ಡ್ ನನಗೆ ಬಂದಿರಲೇ ಇಲ್ಲ.

ಲೆಕ್ಕ: 10 ಗೆಲುವು, 10 ಸೋಲು. ಇಷ್ಟು ಕಡಿಮೆ ಆಟದಿಂದ ಯಾವ ಪದ್ಧತಿ ನನಗೆ ಲಾಭ ಅಂತ ಹೇಳಲಾಗುವುದಿಲ್ಲ. ಆದರೆ "ಯಾಕೆ ಸೋತೆ" ಕಾಲಂ ಈಗ ಓದುವ ಹಾಗಿದೆ. ಆತುರಪಟ್ಟೆ. ಅವನು ಕಾದ, ನಾನು ಕಾಯಲಿಲ್ಲ. ತಪ್ಪು ಮಿನಿಯನ್ ಬಲಿ ಕೊಟ್ಟೆ. ಇವನ್ನು ತಿದ್ದಿಕೊಳ್ಳಬಹುದು.

ಐದನೇ ವಾರ

ಈಗ ನಡುವಿನ ದಾರಿ ಒಂದನ್ನು ನೋಡುತ್ತಿದ್ದೇವೆ. ಪೋಕೆಮಾನ್ ವೀಡಿಯೊ ಗೇಮ್ ಸ್ಪರ್ಧೆಗಳಲ್ಲಿ ಟೀಮ್ ಶೀಟ್ ಎದುರಾಳಿಗೆ ಕೊಡುತ್ತಾರೆ. ದಾಳಿಗಳು, ಐಟಂ, ಎಬಿಲಿಟಿ ಎಲ್ಲ ಕಾಣುತ್ತದೆ. ಶಕ್ತಿಯ ಪಾಯಿಂಟ್‌ಗಳನ್ನು ಯಾವುದಕ್ಕೆ ಎಷ್ಟು ಹಂಚಿದ್ದಾರೆ ಅನ್ನುವುದು ಕಾಣುವುದಿಲ್ಲ. ಅದನ್ನು ನೋಡಿ ನಾವೂ ಕಾರ್ಡ್‌ನ ಹೆಸರು ಮಾತ್ರ ತೋರಿಸಿ, ಅದರ ಪ್ರತಿ ಒಂದೋ ಎರಡೋ ಅನ್ನುವುದನ್ನು ಮುಚ್ಚಿಟ್ಟೆವು.

ಮೊದಲ ಆಟ ನಿನ್ನೆ ಆಯಿತು. ಐದನೇ ಟರ್ನ್‌ಗೆ ಅವನು ಒಂದು ಬ್ರಾಲ್ ಆಡಿದ. ನನ್ನ ಎಂಟನೇ ಟರ್ನ್‌ನಲ್ಲಿ ಕೈಯಲ್ಲಿ ಮೂರು ಮಿನಿಯನ್. ನಾನು ಕಾಣದ ಕಾರ್ಡ್ 23, ಮುಂದಿನದನ್ನು ಎಳೆದರೆ ಅವನ ಕೈಯಲ್ಲಿ ಐದು. ಎರಡನೇ ಬ್ರಾಲ್ ಡೆಕ್‌ಗೆ ಹಾಕಿದ್ದರೆ 22%. ಹಾಕಿಲ್ಲದಿದ್ದರೆ ಸೊನ್ನೆ. ಹಾಕಿದ್ದಾನೋ ಇಲ್ಲವೋ ಅನ್ನುವುದಕ್ಕೆ ಯಾವ ಲೆಕ್ಕವೂ ಇಲ್ಲ, ಅವನನ್ನೇ ಓದಬೇಕು. ಒಂದನ್ನು ಇಳಿಸಿ ಎರಡನ್ನು ಉಳಿಸಿಕೊಂಡೆ. ಎರಡು ಟರ್ನ್ ತಡವಾಯಿತು, ಆದರೂ ಗೆದ್ದೆ. ಆಟ ಮುಗಿದ ಮೇಲೆ ಲಿಸ್ಟ್ ತೋರಿಸಿದ. ಬ್ರಾಲ್ ಒಂದೇ ಇತ್ತು.