ಎಷ್ಟು ಬಂತು?

ಸೋಮವಾರ ಸಂಜೆಯ ಮಾತು. ಇವತ್ತು ಶುಕ್ರವಾರ. ಇನ್ನೂ ತಲೆಯಿಂದ ಹೋಗಿಲ್ಲ.

ಶಾಲೆಯಿಂದ ಬಂದು ಬಾಗಿಲ ಹತ್ತಿರ ಕೂತು ಶೂ ಬಿಚ್ಚುತ್ತಿದ್ದೆ. ಅಮ್ಮ ಒಳಗಿನಿಂದಲೇ ಕೂಗಿ ಕೇಳಿದಳು.

"ಎಷ್ಟು ಬಂತು?"

ನಾನು ತಲೆ ಎತ್ತಲೂ ಇಲ್ಲ. "148" ಅಂದೆ. ಶಾಲೆ ಬಿಡುವ ಹೊತ್ತಿಗೆ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿಕೊಂಡಿದ್ದೆ. ಒಳ್ಳೇ ನಂಬರ್ ಅಂತ ಖುಷಿಯಲ್ಲೇ ಇದ್ದೆ.

ಒಳಗಿಂದ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು.

"ಅದಲ್ಲ ಕಣೇ. ಮ್ಯಾಥ್ಸ್ ಟೆಸ್ಟು. ಇವತ್ತು ಪೇಪರ್ ಕೊಡ್ತಾರೆ ಅಂದಿದ್ಯಲ್ಲ."

ಟೆಸ್ಟ್ ಇದ್ದದ್ದು 50ಕ್ಕೆ. "ಓ, ಅದಾ. 41" ಅಂದೆ. ಅಮ್ಮ "ಒಳ್ಳೇದಾಯ್ತು" ಅಂದಳು. ಆದರೆ ಅಲ್ಲಿಂದ ಕದಲಲಿಲ್ಲ. ಒರೆಸಿ ಆದ ಕೈಯನ್ನೇ ಮತ್ತೆ ಒರೆಸಿಕೊಂಡಳು. ಆಮೇಲೆ ತುಂಬಾ ಮೆಲ್ಲಗೆ ಕೇಳಿದಳು.

"ನಾನು ನಿನ್ನನ್ನ ಬೇರೆ ಏನೂ ಕೇಳೋದೇ ಇಲ್ವಾ?"

ನಾನು ಏನೂ ಹೇಳಲಿಲ್ಲ. ಬ್ಯಾಗ್ ತಗೊಂಡು ರೂಮಿಗೆ ಹೋದೆ. ಕೋಪ ಬಂದಿರಲಿಲ್ಲ. ಏನು ಹೇಳಬೇಕೋ ತಿಳಿಯಲಿಲ್ಲ, ಅಷ್ಟೇ. ಆದರೆ ಬಾಗಿಲು ಹಾಕಿಕೊಂಡ ಸದ್ದು ಅಮ್ಮನಿಗೆ ಕೋಪದ ಹಾಗೆಯೇ ಕೇಳಿಸಿರಬೇಕು. ಅದು ಇವತ್ತಿಗೂ ಚುಚ್ಚುತ್ತಿದೆ.

ಟೈಪ್ 1 ಡಯಾಬಿಟಿಸ್ ಇರುವ ಮನೆಯಲ್ಲಿ "ಎಷ್ಟು?" ಅಂದರೆ ಒಂದೇ ಅರ್ಥ, ರಕ್ತದಲ್ಲಿ ಸಕ್ಕರೆ ಎಷ್ಟು ಅಂತ. ನನಗೆ ಇದು ಬಂದಾಗ 11 ವರ್ಷ. ಈಗ 16. ಊಟಕ್ಕೆ ಮುಂಚೆ 3 ಸಲ, ಮಲಗುವ ಮುಂಚೆ 1 ಸಲ, ದಿನಕ್ಕೆ 4 ಸಲವಂತೂ ಬೆರಳು ಚುಚ್ಚಲೇಬೇಕು. ಮೊನ್ನೆ ಸುಮ್ನೆ ಲೆಕ್ಕ ಹಾಕಿದೆ. 5 ವರ್ಷಕ್ಕೆ 7,300 ಸಲ ಆಯಿತು. ಜ್ವರ ಬಂದ ದಿನ, ಆಟ ಇದ್ದ ದಿನ ಇನ್ನೂ ಜಾಸ್ತಿ. ಪ್ರತಿ ಸಲವೂ ಯಾರೋ ಒಬ್ಬರು "ಎಷ್ಟು?" ಅಂದಿರುತ್ತಾರೆ. ಅಪ್ಪ ಫೋನ್ ಮಾಡಿದರೂ ಮೊದಲು ಅದೇ. ನನ್ನ ತಮ್ಮ ಮಾತು ಕಲಿಯುವಾಗ ಅಮ್ಮನನ್ನು ನೋಡಿ ನನ್ನ ಬೆರಳು ಹಿಡಿದು "ಎಸ್ತು?" ಅನ್ನುತ್ತಿದ್ದ.

ಚುಚ್ಚುವುದು ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕು ಅಂದರೆ ಅದು ಅಭ್ಯಾಸ ಆಗಿಬಿಡುತ್ತದೆ. ಬೆರಳಿನ ತುದಿಗೆ ಚುಚ್ಚದೆ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಇನ್ಸುಲಿನ್ ಪೆನ್ನಿನ ಸೂಜಿ ಇನ್ನೂ ಸಣ್ಣದು. ನನಗೆ ಕಷ್ಟ ಆಗುವುದು ನಂಬರ್ ಬಂದ ಮೇಲಿನ ಒಂದು ಕ್ಷಣ. 110 ಅಂದರೆ ಅಮ್ಮನ ಮುಖ ಸಡಿಲ ಆಗುತ್ತದೆ. 260 ಅಂದರೆ ಆ ಮುಖ ಬಿಗಿಯುತ್ತದೆ. ಆಮೇಲೆ "ಏನು ತಿಂದೆ?" ಅಂತ ಬರುತ್ತದೆ. ನಾನು ಏನೂ ತಿಂದಿರುವುದಿಲ್ಲ. ನಿನ್ನೆ ತಿಂದದ್ದನ್ನೇ, ನಿನ್ನೆಯ ಹೊತ್ತಿಗೇ, ನಿನ್ನೆಯಷ್ಟೇ ಇನ್ಸುಲಿನ್ ಹಾಕಿಕೊಂಡು ತಿಂದಿರುತ್ತೇನೆ. ನಿನ್ನೆ 130 ಇದ್ದದ್ದು ಇವತ್ತು 260. ರಾತ್ರಿ ನಿದ್ದೆ ಕೆಟ್ಟರೆ ಏರುತ್ತದೆ. ಪರೀಕ್ಷೆಯ ಭಯಕ್ಕೆ ಏರುತ್ತದೆ. ಶೀತ ಆದರೆ ಏರುತ್ತದೆ. ಪೀರಿಯಡ್ಸ್ ಬರುವ ಮುಂಚಿನ ಎರಡು ಮೂರು ದಿನ ನನಗಂತೂ ಏನು ಮಾಡಿದರೂ ಇಳಿಯುವುದಿಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿಕೊಂಡರೆ ಅಲ್ಲಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಸೇರುವುದಿಲ್ಲ. ಇಷ್ಟೆಲ್ಲ ಇರುವಾಗ ಎಲ್ಲರಿಗೂ ಕಾಣುವುದು ಊಟ ಒಂದೇ.

ಒಬ್ಬ ಸಂಬಂಧಿಕರು ಪ್ರತಿ ಸಲ ಸಿಕ್ಕಾಗಲೂ "ಚಿಕ್ಕವಳಿದ್ದಾಗ ಸಿಹಿ ಜಾಸ್ತಿ ತಿಂತಿದ್ಯಾ?" ಅಂತ ಕೇಳುತ್ತಾರೆ. ಇಲ್ಲ. ನನ್ನ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಶತ್ರು ಅಂದುಕೊಂಡು ಹಾಳು ಮಾಡಿತು. ಸಿಹಿ ತಿಂದರೆ ಬರುವ ಕಾಯಿಲೆ ಅಲ್ಲ ಇದು. ಬಿಟ್ಟರೆ ಹೋಗುವ ಕಾಯಿಲೆಯೂ ಅಲ್ಲ. ಇದನ್ನು ಅವರಿಗೆ ನಾಲ್ಕು ಸಲ ಹೇಳಿದ್ದೇನೆ. ಅವರು ಕೆಟ್ಟವರಲ್ಲ. ಆದರೆ ಉತ್ತರ ಕೇಳಿಸಿಕೊಳ್ಳದೆ ಪ್ರಶ್ನೆ ಕೇಳುವವರ ಹತ್ತಿರ ಕೂರುವುದು ನನಗೆ ಆಗುವುದಿಲ್ಲ.

13ನೇ ವಯಸ್ಸಿನಲ್ಲಿ ನಾನು ಸುಳ್ಳು ಬರೆಯಲು ಶುರು ಮಾಡಿದ್ದೆ. ನಂಬರ್ ಬರೆದಿಡುವ ಪುಸ್ತಕದಲ್ಲಿ 118, 126, 109 ಅಂತ ತುಂಬಿಸುತ್ತಿದ್ದೆ. ದಿನಾ ಬರೆದ ಹಾಗೆ ಕಾಣಲಿ ಅಂತ ಬೇರೆ ಬೇರೆ ಪೆನ್ ಬಳಸುತ್ತಿದ್ದೆ. ಅಮ್ಮ ಪುಟ ತಿರುವಿ ನೋಡಿ ನನ್ನ ತಲೆ ಸವರಿದ್ದು ಈಗಲೂ ನೆನಪಿದೆ. ಆಮೇಲೆ ಮೂರು ತಿಂಗಳ ಟೆಸ್ಟ್ ಬಂತು. ಎಚ್‌ಬಿಎ1ಸಿ 9.4. ಅಂದರೆ ಆ ಎರಡು ಮೂರು ತಿಂಗಳು ನನ್ನ ಸಕ್ಕರೆಯ ಸರಾಸರಿ 220ರ ಆಸುಪಾಸು. ಪುಸ್ತಕದಲ್ಲಿ 120. ಡಾಕ್ಟರು ಬೇರೆ ಪೇಷೆಂಟುಗಳ ಎದುರಿಗೇ ನನ್ನನ್ನು ಬೈದರು. ಅಮ್ಮ ಆ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅಂಥ ಹೊತ್ತಲ್ಲಿ ಒಂದು ಮಗುವನ್ನು ಬೈಯಬಾರದು. ಇದನ್ನು ನಾನು ಈಗಲೂ ಬಲವಾಗಿ ಹೇಳುತ್ತೇನೆ. ಬೈದರೆ ಸಕ್ಕರೆ ಇಳಿಯುವುದಿಲ್ಲ. ಮುಂದಿನ ಸಲ ಇನ್ನೂ ಚೆನ್ನಾಗಿ ಸುಳ್ಳು ಬರೆಯುವುದನ್ನು ಕಲಿಯುತ್ತಾರೆ.

ಈಗಿನ ಡಾಕ್ಟರು ಹಾಗಿಲ್ಲ. ಮೊದಲ ದಿನವೇ ಹೇಳಿದರು, "ಈ ವಯಸ್ಸಲ್ಲಿ ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಹೋದ ವರ್ಷ ಸಾಕಾಗುತ್ತಿದ್ದ ಡೋಸ್ ಈ ವರ್ಷ ಸಾಕಾಗಲ್ಲ. ಅದು ನಿನ್ನ ತಪ್ಪಲ್ಲ." ಆವತ್ತು ಮನೆಗೆ ಬರುವ ದಾರಿಯಲ್ಲಿ ಪೂರ್ತಿ ಅತ್ತೆ. ಅಮ್ಮ ಯಾಕೆ ಅಂತ ಕೇಳಲಿಲ್ಲ. ಅವಳೂ ಕಿಟಕಿಯ ಕಡೆ ತಿರುಗಿಕೊಂಡಿದ್ದಳು.

"ನಾನು ನಿನ್ನನ್ನ ಬೇರೆ ಏನೂ ಕೇಳೋದೇ ಇಲ್ವಾ?"

ಕೇಳುತ್ತಾಳೆ. ಊಟ ಆಯ್ತಾ ಅಂತ ಕೇಳುತ್ತಾಳೆ. ಆದರೆ ಅದು ಇನ್ಸುಲಿನ್ ಹಾಕಿಕೊಂಡು ಊಟ ಬಿಟ್ಟಿಲ್ಲ ತಾನೆ ಅಂತ ತಿಳಿಯುವುದಕ್ಕೆ. ಎಲ್ಲಿದ್ದೀಯ ಅಂತ ಕೇಳುತ್ತಾಳೆ. ಅದು ಪಕ್ಕದಲ್ಲಿ ಯಾರಾದರೂ ಇದ್ದಾರಾ ಅಂತ. ಬ್ಯಾಗಲ್ಲಿ ಏನಿದೆ ಅಂದರೆ, ಸಕ್ಕರೆ ಇಳಿದರೆ ತಿನ್ನಲು ಗ್ಲೂಕೋಸ್ ಇದೆಯಾ ಅಂತ. ಎಲ್ಲ ಪ್ರಶ್ನೆಯೂ ತಿರುಗಿ ಅಲ್ಲಿಗೇ ಬರುತ್ತದೆ. ಇದನ್ನು ಯೋಚಿಸುತ್ತಾ ಮಂಗಳವಾರ ಕ್ಲಾಸಿನಲ್ಲಿ ಪಾಠ ಒಂದೂ ತಲೆಗೆ ಹೋಗಲಿಲ್ಲ. ಪಕ್ಕದಲ್ಲಿ ಕೂರುವ ಗೆಳತಿ ನನ್ನ ಮುಖ ನೋಡಿ ಡೆಸ್ಕ್ ಕೆಳಗಿಂದ ಗ್ಲೂಕೋಸ್ ಪೊಟ್ಟಣ ಜಾರಿಸಿದಳು. ಸಕ್ಕರೆ ಇಳಿದಾಗಲೂ ನಾನು ಹೀಗೇ ಒಂದೇ ಕಡೆ ನೋಡುತ್ತಾ ಕೂರುತ್ತೇನಂತೆ. ಬೇಡ ಅಂತ ತಲೆ ಆಡಿಸಿದೆ. ಅವಳು ಪೊಟ್ಟಣ ಹಿಂದಕ್ಕೆ ತಗೊಂಡು ಬರೆಯುವುದನ್ನು ಮುಂದುವರಿಸಿದಳು. ಯಾರಿಗೂ ಗೊತ್ತಾಗಲಿಲ್ಲ. ನಮ್ಮ ಕ್ಲಾಸಿನಲ್ಲಿ ಅವಳಷ್ಟು ಬುದ್ಧಿವಂತರು ಬೇರೆ ಯಾರೂ ಇಲ್ಲ. ಆಟದ ಸರ್ ಮಾತ್ರ ನಾನು ಓಡುವುದಕ್ಕೆ ಮುಂಚೆ ಇಡೀ ಮೈದಾನಕ್ಕೆ ಕೇಳುವ ಹಾಗೆ "ನಿನಗೆ ಆಗುತ್ತಾ?" ಅನ್ನುತ್ತಾರೆ. ಅದೂ ಕಾಳಜಿಯೇ. ಆದರೆ ಅದಾದ ಮೇಲೆ ಓಡುವಾಗ ಕಾಲು ಭಾರ ಆಗುತ್ತದೆ.

ಹೋದ ತಿಂಗಳು ಲ್ಯಾಬ್‌ನಲ್ಲಿ ಬೆನೆಡಿಕ್ಟ್ ದ್ರಾವಣದ ಪರೀಕ್ಷೆ ಮಾಡಿಸಿದ್ದರು. ನೀಲಿ ದ್ರಾವಣಕ್ಕೆ ಗ್ಲೂಕೋಸ್ ಹಾಕಿ ಕಾಯಿಸಿದರೆ ಹಸಿರು, ಹಳದಿ, ಕಿತ್ತಳೆ ಆಗಿ ಕೊನೆಗೆ ಇಟ್ಟಿಗೆ ಕೆಂಪು. ಮನೆಯಲ್ಲಿ ರಕ್ತ ನೋಡುವ ಮೀಟರ್ ಬರುವ ಮುಂಚೆ ಡಯಾಬಿಟಿಸ್ ಇದ್ದವರು ಮೂತ್ರವನ್ನು ಹೀಗೆಯೇ ಕಾಯಿಸಿ ನೋಡುತ್ತಿದ್ದರು ಅಂತ ಟೀಚರ್ ಹೇಳಿದರು. ಆಗ ಅದು ಕಿವಿಗೆ ಬಿದ್ದು ಹೋಗಿತ್ತು. ಈ ವಾರ ಮತ್ತೆ ನೆನಪಾಯಿತು. ಆ ಮನೆಗಳ ಅಮ್ಮಂದಿರು ನಳಿಕೆ ಹಿಡಿದು ಬಣ್ಣಕ್ಕಾಗಿ ಕಾಯುತ್ತಿದ್ದರು. ಕೆಂಪು ಬಂದರೂ ಅದು ಗಂಟೆಗಳ ಹಿಂದಿನ ಸುದ್ದಿ. ಸಕ್ಕರೆ ತೀರಾ ಇಳಿದರೆ ಆ ಬಣ್ಣ ಹೇಳುವುದೇ ಇಲ್ಲ. ನೀಲಿ ನೀಲಿಯಾಗಿಯೇ ಇರುತ್ತದೆ.

ಅದಕ್ಕೂ ಹಿಂದೆ ಹೋದರೆ ಇನ್ಸುಲಿನ್ನೇ ಇರಲಿಲ್ಲ. ಲಿಯೊನಾರ್ಡ್ ಥಾಂಪ್ಸನ್ ಅನ್ನುವ ಹುಡುಗನಿಗೆ ಟೊರಾಂಟೊದ ಆಸ್ಪತ್ರೆಯಲ್ಲಿ 1922ರ ಜನವರಿ 11ರಂದು ಮೊದಲ ಸಲ ಇನ್ಸುಲಿನ್ ಕೊಟ್ಟರು. ಅವನಿಗೆ ಆಗ 14 ವರ್ಷ. ನನಗಿಂತ 2 ವರ್ಷ ಚಿಕ್ಕವನು. ಅಲ್ಲಿವರೆಗೆ ಇದ್ದ ಚಿಕಿತ್ಸೆ ಅಂದರೆ ಊಟ ಕಡಿಮೆ ಮಾಡುತ್ತಾ ಹೋಗುವುದು. ಮೊದಲ ಇಂಜೆಕ್ಷನ್ ಸರಿಯಾಗಿ ಕೆಲಸ ಮಾಡಲಿಲ್ಲ. ಔಷಧಿ ಅಷ್ಟು ಶುದ್ಧ ಇರಲಿಲ್ಲ. ಜೇಮ್ಸ್ ಕಾಲಿಪ್ ಅನ್ನುವ ಜೀವರಸಾಯನ ವಿಜ್ಞಾನಿ ಕೂತು ಅದನ್ನು ಶುದ್ಧ ಮಾಡಿದರು. ಜನವರಿ 23ಕ್ಕೆ ಮತ್ತೆ ಕೊಟ್ಟಾಗ ಸಕ್ಕರೆ ಇಳಿಯಿತು. ನಡುವೆ 12 ದಿನ. ಆ 12 ದಿನ ಅವನ ಮನೆಯವರು ಏನು ಕೇಳುತ್ತಿದ್ದಿರಬಹುದು, ಯಾರನ್ನು ಕೇಳುತ್ತಿದ್ದಿರಬಹುದು ಅಂತ ಯೋಚಿಸಿದೆ. ನನ್ನ ಅಮ್ಮನಿಗೆ ಕೇಳಲು ಒಂದು ಪ್ರಶ್ನೆಯಾದರೂ ಇದೆ. 5 ಸೆಕೆಂಡಿನಲ್ಲಿ ಉತ್ತರ ಬರುತ್ತದೆ. ಅವಳು 7,300 ಸಲ ಕೇಳಿದ್ದು ನಾನು ಇದ್ದೇನೆ ಅನ್ನುವ ಕಾರಣಕ್ಕೆ.

ಇದನ್ನು ಅಮ್ಮನಿಗೆ ಹೇಳಬೇಕು ಅಂದುಕೊಂಡೆ. ಬಾಯಿ ಬರಲಿಲ್ಲ. ಮಂಗಳವಾರ, ಬುಧವಾರ ಅಮ್ಮ ನನ್ನನ್ನು "ಎಷ್ಟು?" ಅಂತ ಒಂದು ಸಲವೂ ಕೇಳಲಿಲ್ಲ. ನಾನು ಮೀಟರ್ ತೆಗೆದರೆ ಎದ್ದು ಆಚೆ ಹೋಗುತ್ತಿದ್ದಳು. ನಾನು ಮೀಟರನ್ನು ಮೇಜಿನ ಮೇಲೆ ಅವಳಿಗೆ ಕಾಣುವ ಹಾಗೆ ಬಿಟ್ಟು ಹೋಗುತ್ತಿದ್ದೆ. ಅದು ಮೊದಲಿಗಿಂತ ಜಾಸ್ತಿ ಹಿಂಸೆ ಆಯಿತು.

ಬುಧವಾರ ಸಂಜೆ ಓಟದ ಪ್ರಾಕ್ಟೀಸ್ ಇತ್ತು. ಓಡಿ ಬಂದ ಮೇಲೂ ಎಷ್ಟೋ ಗಂಟೆ ಸ್ನಾಯುಗಳು ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತವೆ. ಅದಕ್ಕೆ ರಾತ್ರಿಯ ಇನ್ಸುಲಿನ್ ಕಡಿಮೆ ಮಾಡಬೇಕಿತ್ತು. ಮರೆತೆ. 2:40ಕ್ಕೆ ಎಚ್ಚರ ಆಯಿತು. ಬಟ್ಟೆ ಪೂರ್ತಿ ಬೆವರು. ಎದೆ ಬಡಿದುಕೊಳ್ಳುತ್ತಿತ್ತು. ಕೈ ನಡುಗಿ ಡಬ್ಬಿಯ ಮುಚ್ಚಳ ತೆಗೆಯಲು ಆಗಲಿಲ್ಲ. "ಅಮ್ಮಾ" ಅಂದೆ. ಎರಡನೇ ಸಲ ಕೂಗುವಷ್ಟರಲ್ಲಿ ಅವಳು ಬಂದಿದ್ದಳು. ಬಂದವಳೇ ಚುಚ್ಚಿ ನೋಡಿದಳು. 58. 70ಕ್ಕಿಂತ ಕೆಳಗೆ ಬಂದರೆ ಕಾಯುವ ಹಾಗಿಲ್ಲ. ಜ್ಯೂಸ್ ಕುಡಿಸಿ ಗೋಡೆಗೆ ಒರಗಿಸಿ ಕೂರಿಸಿದಳು.

ಆಮೇಲೆ 15 ನಿಮಿಷ. 15 ಗ್ರಾಂ ಸಕ್ಕರೆ ಒಳಗೆ ಹೋದ ಮೇಲೆ 15 ನಿಮಿಷ ಕಾದು ಮತ್ತೆ ನೋಡಬೇಕು. ಆ ಹೊತ್ತಲ್ಲಿ ಹೊಟ್ಟೆ ಇನ್ನೂ ಬೇಕು ಇನ್ನೂ ಬೇಕು ಅನ್ನುತ್ತದೆ. ಕೇಳಿದಷ್ಟೂ ತಿಂದುಬಿಟ್ಟರೆ ಬೆಳಿಗ್ಗೆ 300 ಆಗಿರುತ್ತದೆ. ಅದಕ್ಕೆ ಸುಮ್ಮನೆ ಕೂರಬೇಕು. ದೀಪ ಹಾಕಿರಲಿಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡು ಕೇಳಿದಳು.

"ಟೆಸ್ಟಲ್ಲಿ ಯಾವ ಲೆಕ್ಕ ತಪ್ಪಾಯ್ತು?"

"ಚೆಂಡಿಂದು" ಅಂದೆ. ನಾಲಿಗೆ ದಪ್ಪ ಆಗಿತ್ತು. "ಚೀಲದಲ್ಲಿ ಕೆಂಪು... ನೀಲಿ ಚೆಂಡು. ಒಂದು ತೆಗೀಬೇಕು. ಕೆಂಪು."

"ಒಟ್ಟು ಎಷ್ಟು ಚೆಂಡು?"

ನೆನಪಿಗೆ ಬರಲಿಲ್ಲ. ಕೆಂಪು 5 ಅಂದೆ. ನೀಲಿ ಎಷ್ಟು ಅಂತ ಗೊತ್ತಿತ್ತು, ಆದರೆ ಬಾಯಿಗೆ ಬರುತ್ತಿರಲಿಲ್ಲ. ಅಮ್ಮ ಅವಸರ ಮಾಡಲಿಲ್ಲ. ಹೊರಗೆ ಒಂದು ಗಾಡಿ ಹೋದ ಸದ್ದು ಬಂತು. ಸ್ವಲ್ಪ ಹೊತ್ತಿಗೆ "3" ಅಂದೆ.

"ಹಾಗಾದ್ರೆ ಒಟ್ಟು?"

"8."

"ಒಂದು ಕೆಂಪು ತೆಗೆದು ಆಚೆ ಇಟ್ಟೆ. ಈಗ?"

"ಎರಡು ಸಲ ತೆಗೆದಾಗ ಎರಡೂ ಕೆಂಪೇ ಬರೋ ಸಾಧ್ಯತೆ ಎಷ್ಟು ಅಂತ. ಮೊದಲನೇದನ್ನ ವಾಪಸ್ ಹಾಕಬಾರದು. ನಾನು ಹಾಕಿಬಿಟ್ಟೆ. ಅದೇ ತಪ್ಪಾಗಿದ್ದು. ಎರಡನೇ ಸಲ ತೆಗೆಯುವಾಗ ಚೀಲದಲ್ಲಿ ಇರೋದು 7. ಅದರಲ್ಲಿ ಕೆಂಪು 4. 8ರಲ್ಲಿ 5, ಗುಣಿಸು 7ರಲ್ಲಿ 4. ಅಂದ್ರೆ 56ರಲ್ಲಿ 20. ಇನ್ನೂ ಚಿಕ್ಕದು ಮಾಡಿದ್ರೆ 14ರಲ್ಲಿ 5. ನಾನು 64ರಲ್ಲಿ 25 ಅಂತ ಬರೆದಿದ್ದೆ. ಒಂದೂ ಯೋಚನೆ ಮಾಡದೆ..."

"ಹ್ಞಾಂ" ಅಂದಳು ಅಮ್ಮ. ಹಿಡಿದಿದ್ದ ಕೈಯನ್ನು ಸ್ವಲ್ಪ ಸಡಿಲ ಮಾಡಿದಳು. "ಈಗ ಮಾತು ಸರಿ ಬಂತು."

ಅಮ್ಮನಿಗೆ ಗಣಿತ ಅಷ್ಟಾಗಿ ಬರುವುದಿಲ್ಲ. ಅವಳು ಆ ಕತ್ತಲಲ್ಲಿ ನನ್ನ ಲೆಕ್ಕ ಕೇಳಿದಳೋ, ಸಕ್ಕರೆ ಕೇಳಿದಳೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ.

ನಾನೇ ಬೆರಳು ಚಾಚಿದೆ. ಅಮ್ಮ ಚುಚ್ಚಿದಳು. ಮೀಟರ್ ಬೆಳಕಿನಲ್ಲಿ ಇಬ್ಬರೂ ಬಗ್ಗಿ ನೋಡಿದೆವು. 96. ಅವಳು ಎದ್ದು ನನ್ನ ಒದ್ದೆ ಬಟ್ಟೆ ಬದಲಾಯಿಸಲು ಬೇರೆ ತಂದಳು. ಬಟ್ಟೆ ಕೊಡುವಾಗ "41 ನಿಜವಾಗ್ಲೂ ಒಳ್ಳೇ ಮಾರ್ಕ್ಸು ಕಣೇ" ಅಂದಳು.